ಬಾಳಗೊಂಡನ ಭಾಷಣ

ಗಡಹಿಂಗ್ಲಜ ಪೇಟೆಯಲ್ಲಿ ಒಣಮೆಣಸಿನಕಾಯಿ ವ್ಯಾಪಾರ ಮಾಡುತ್ತಿದ್ದ ಬಾಳಗೊಂಡ ಹೆಚ್ಚು ಮಾತಿನ ಮನುಷ್ಯನಲ್ಲ. ಗಿರಾಕಿ ಚೌಕಾಶಿಗೆ ನಿಂತರೆ ಒಂದು ಮೆಣಸಿನಕಾಯಿ ಮುರಿದು ಅವನ ಮೂಗಿನ ಹತ್ತಿರ ಹಿಡಿಯುತ್ತಿದ್ದ, ಅದೇ ಉತ್ತರ. ಅಂಥವನು ಒಮ್ಮೆ ಕೊಲ್ಹಾಪುರದಲ್ಲಿ ಮೈಕಿನ ಮುಂದೆ ನಿಂತು ಮಾತಾಡಿದ. ಜನ ಚಪ್ಪಾಳೆ ತಟ್ಟಿದರು. ಅದಾದ ಮೇಲೆ ಆ ಚಪ್ಪಾಳೆಯ ಸುದ್ದಿ ಯಾರಾದರೂ ತೆಗೆದರೆ ಅವನು ಎದ್ದು ಒಳಗೆ ಹೋಗಿಬಿಡುತ್ತಿದ್ದ.

ಮಾತಾಡಿದ್ದು ನಾಯಿಯ ಸಲುವಾಗಿ. ಪುಣೆಯಿಂದ ತಂದ ಅಲ್ಸೇಶಿಯನ್ ನಾಯಿಯೊಂದು ಅವನ ಹೊಲದ ಮನೆಯಲ್ಲಿತ್ತು. ಬೇಸಿಗೆಯಲ್ಲಿ ನೂಲ ಊರಿನ ಕುರುಬ ಸತ್ಯಪ್ಪ ಗೊಬ್ಬರಕ್ಕೆಂದು ಆ ಹೊಲದಲ್ಲಿ ಕುರಿ ಕೂಡಿಸಿದ. ಕುರಿಗಳ ಜೊತೆ ಅವನ ನಾಯಿಯೂ ಬಂತು. ಮಳೆ ಶುರುವಾಗುವ ಹೊತ್ತಿಗೆ ಅಲ್ಸೇಶಿಯನ್ ಮರಿ ಹಾಕಿತು. ನೋಡಿದವರು ನಕ್ಕರು. ಬಾಳಗೊಂಡ ಮಾತ್ರ ಒಂದು ಕೆಂಚು ಮರಿಯನ್ನು ಇಟ್ಟುಕೊಂಡು ಶೇರು ಎಂದು ಹೆಸರಿಟ್ಟ. ಒಂದು ಕಿವಿ ನಿಂತಿರುತ್ತಿತ್ತು, ಇನ್ನೊಂದು ಮಡಚಿರುತ್ತಿತ್ತು. ಆದರೆ ಅದು ಬೆಳೆದ ಮೇಲೆ ಕಬ್ಬಿನೊಳಗೆ ಹಂದಿ ಕಾಲಿಡಲಿಲ್ಲ.

ಕೊಲ್ಹಾಪುರದಲ್ಲಿ ನಾಯಿ ಸಾಕುವ ಶ್ರೀಮಂತರು ಕೂಡಿ ಒಂದು ಕ್ಲಬ್ ಮಾಡಿಕೊಂಡಿದ್ದರು. ಅಲ್ಲಿ ನೋಂದಾಯಿಸಿದ ನಾಯಿಗೆ ಮಾತ್ರ ಪ್ರದರ್ಶನದಲ್ಲಿ ಜಾಗ. ಶೇರುವಿನ ತಾಯಿಯ ಹೆಸರು ಅಲ್ಲಿತ್ತು. ಶೇರುವನ್ನು ಕರೆದುಕೊಂಡು ಹೋದಾಗ ಕಾರ್ಯದರ್ಶಿ ನೋಡಿ ಮುಖ ಸಿಂಡರಿಸಿದ. ಆದರೆ ಬೆರಕೆ ನಾಯಿಯ ಇದೇ ತೊಡಕು ಇನ್ನೂ ಕೆಲವರಿಗಿತ್ತು. ಹಾಗಾಗಿ ೧೯೭೯ರ ಚಳಿಗಾಲದ ಪ್ರದರ್ಶನ ಮುಗಿದ ಮೇಲೆ ಅಲ್ಲೇ ಪೆಂಡಾಲಿನಲ್ಲಿ, ಬೆರಕೆ ನಾಯಿಗಳನ್ನು ನೋಂದಾಯಿಸಬೇಕೋ ಬೇಡವೋ ಎಂದು ಸಭೆ ಕರೆದರು.

ವಯಸ್ಸಾದ ದನದ ಡಾಕ್ಟರರೊಬ್ಬರು ಬೇಡವೆಂದರು. ಅವರ ಮಾತಿನಲ್ಲಿ ಹುರುಳಿತ್ತು. ಇವತ್ತು ಬೆರಕೆಗೆ ಕಾಗದ ಕೊಟ್ಟರೆ, ನಾಳೆ ಎರಡು ದುಬಾರಿ ಜಾತಿ ಕೂಡಿಸಿ ಹೊಸ ಹೆಸರಿಟ್ಟು ಮಾರುವವರು ಹುಟ್ಟಿಕೊಳ್ಳುತ್ತಾರೆ, ಹುಟ್ಟುವ ಮರಿಗಳ ಗತಿ ಏನೆಂದು ಯಾರೂ ಕೇಳುವುದಿಲ್ಲ ಎಂದರು. ಮತ್ತೊಬ್ಬ ಎದ್ದು, ಓಣಿಯ ನಾಯಿಗಳನ್ನೂ ಕರೆಯೋಣ ಬಿಡಿ ಎಂದ. ಎಲ್ಲರೂ ನಕ್ಕರು.

ಆ ನಗು ಬಾಳಗೊಂಡನನ್ನು ಎಬ್ಬಿಸಿತು. ತನ್ನ ಗಡಸು ಮರಾಠಿಯಲ್ಲಿ ಅವನು ಹೇಳಿದ: ‘ತಾಯಿಯನ್ನು ಒಳಗೆ ಕರೆದುಕೊಂಡಿರಿ. ಮಗನಿಗೆ ಬಾಗಿಲು ಹಾಕುತ್ತೀರಿ. ಹುಟ್ಟಿದ್ದು ಮರಿಯ ತಪ್ಪೇ? ಅಪ್ಪ ಯಾರು ಎಂದು ಕೇಳುವ ಮೊದಲು ಇದು ಎಂಥದು ಅಂತ ನೋಡಿರಿ. ಕುಲ ಹಿಡಿದುಕೊಂಡು ಜೀವವನ್ನು ಹೊರಗೆ ಹಾಕುವವರು ಪ್ರಾಣಿಪ್ರೇಮಿಗಳು ಹೇಗೆ ಆಗುತ್ತೀರಿ?’

ಚಪ್ಪಾಳೆ ಬಿತ್ತು. ನಗಿಸಿದವನೂ ತಟ್ಟಿದ. ಮತ ಎಣಿಸುವುದಕ್ಕೆ ಹೊತ್ತಿತ್ತು. ಬೆವರು ಒರೆಸಿಕೊಳ್ಳುತ್ತ ಬಾಳಗೊಂಡ ಶೇರುವನ್ನು ಹಿಡಿದು ಹೊರಗೆ ಬಂದ.

ಹೊರಗೆ ಕಟ್ಟಿದ್ದ ಹಗ್ಗದಾಚೆ ಒಬ್ಬಳು ಹೆಂಗಸು ನಿಂತಿದ್ದಳು. ಅವಳ ಕೈ ಬಿಡಿಸಿಕೊಂಡು ಸಣ್ಣ ಹುಡುಗಿಯೊಂದು ಓಡಿಬಂದು ಶೇರುವಿನ ಮಡಚಿದ ಕಿವಿ ಹಿಡಿಯಿತು.

‘ಭಾಳ ಚೊಲೋ ಮಾತಾಡಿದಿ, ಅಣ್ಣಾ.’

ಅವನ ತಂಗಿ ಕಾಂಚನ. ಅಂಗಡಿಯ ಖಾರದ ಗಿರಣಿ ರಿಪೇರಿಗೆ ಬರುತ್ತಿದ್ದ ತಾನಾಜಿಯನ್ನು ಮದುವೆಯಾಗಿ ಅವಳು ಮನೆ ಬಿಟ್ಟು ಏಳು ವರ್ಷವಾಗಿತ್ತು. ಜೈನರ ಹುಡುಗಿ ಮರಾಠರವನ ಹಿಂದೆ ಹೋದಳೆಂದು ಬಾಳಗೊಂಡ ಮನೆಯ ಬಾಗಿಲು ಮುಚ್ಚಿದ್ದ. ತಾನಾಜಿ ಈಗ ಕೊಲ್ಹಾಪುರದ ಪಕ್ಕದ ಶಿರೋಳಿಯ ಫೌಂಡ್ರಿಯೊಂದರಲ್ಲಿ ಕೆಲಸಕ್ಕಿದ್ದ. ರವಿವಾರವೆಂದು ಮಗಳಿಗೆ ನಾಯಿ ತೋರಿಸಲು ಬಂದಿದ್ದರು; ಅವನೂ ಅವಳ ಹಿಂದೆಯೇ ನಿಂತಿದ್ದ.

‘ಕೇಳಿಸ್ತೇನು?’ ಎಂದ ಬಾಳಗೊಂಡ.

‘ಮೈಕ್ ಇತ್ತಲ್ಲ. ದನಿ ಕೇಳಿ ನೀನ ಅಂತ ಗೊತ್ತಾತು. ಇವರನ್ನ ಸುಮ್ಮನ ನಿಂದ್ರಿಸಿ ಪೂರಾ ಕೇಳಿದ್ನಿ.’ ಅವಳ ಮಾತಿನಲ್ಲಿ ಕುಹಕವಿರಲಿಲ್ಲ. ಅಣ್ಣ ಬದಲಾಗಿದ್ದಾನೆಂದೇ ಅವಳು ನಂಬಿದ್ದಳು. ಮುಖ ಅರಳಿತ್ತು.

‘ನಿನ್ನ ಹೆಸರೇನವಾ?’ ಎಂದು ಅವನು ಹುಡುಗಿಯನ್ನು ಕೇಳಿದ.

‘ರಾಜಮತಿ.’

‘ಅವ್ವನ ಹೆಸರ ಇಟ್ಟೀನಿ,’ ಎಂದಳು ಕಾಂಚನ. ‘ಅಕೀಗೆ ಹೇಳು. ಹ್ಯಾಂಗದಾಳ ಅವ್ವ? ಮೊಣಕಾಲ ನೋವು ಕಡಿಮಿ ಆಗೇತೇನು?’

ಬಾಳಗೊಂಡ ಶೇರುವಿನ ಸರಪಳಿಯನ್ನು ಕೈಗೆ ಸುತ್ತಿಕೊಂಡ. ‘ಅವ್ವ ಹೋದಳು, ಕಾಂಚನಾ. ಹ್ವಾದ ಮಳಿಗಾಲದಾಗ.’

ಕಾಂಚನ ಅಲ್ಲೇ ಮಣ್ಣಿನ ಮೇಲೆ ಕುಳಿತುಬಿಟ್ಟಳು.

ಸುದ್ದಿ ಶಿರೋಳಿಗೆ ಹೋಗಕೂಡದೆಂದು ನೆಂಟರಿಗೆಲ್ಲ ತಾಕೀತು ಮಾಡಿದವನು ಅವನೇ. ಹಾಸಿಗೆ ಹಿಡಿದ ತಾಯಿ ದಿನಾ ಬಾಗಿಲ ಕಡೆ ಮುಖ ಮಾಡಿ ಕಾಂಚನ ಎಲ್ಲಿ ಎನ್ನುತ್ತಿದ್ದಳು. ‘ಹೇಳಿ ಕಳಿಸೇನಿ, ಬರಾಕತ್ಯಾಳ’ ಎಂದು ಅವನು ಸುಳ್ಳು ಹೇಳುತ್ತಿದ್ದ. ಆಗ ಅದು ಸುಳ್ಳು ಅನ್ನಿಸಿರಲಿಲ್ಲ. ಮನೆತನದ ಮರ್ಯಾದೆ ಅನ್ನಿಸಿತ್ತು.

‘ಕಡೀಕ ನನ್ನ ಹೆಸರ ತಗೊಂಡಿದ್ಲೇನು?’ ಕಾಂಚನ ಕೇಳಿದಳು.

ಇಲ್ಲವೆಂದರೆ ಅವಳ ಎದೆ ಒಡೆಯುತ್ತದೆ, ಹೌದೆಂದರೆ ತನ್ನ ಬಂಡವಾಳ ಬಯಲಾಗುತ್ತದೆ. ‘ತಗೊಂಡಿದ್ಲು. ನೀ ಬರಾಕತ್ತಿ ಅಂತ ನಾನು ಸುಳ್ಳು ಹೇಳಿದ್ನಿ,’ ಎಂದ.

ತಾನಾಜಿ ಹೆಂಡತಿಗೆ ನೀರು ತಂದು ಕುಡಿಸಿದ. ಶೇರು ಎಳೆದಾಡುವುದನ್ನು ಕಂಡು ಬಾಳಗೊಂಡನ ಕೈಯಿಂದ ಸರಪಳಿ ತೆಗೆದುಕೊಂಡು ತಾನೇ ಹಿಡಿದ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ ಮರ್ಯಾದೆಗೆ ಬಾಳಗೊಂಡ ನೆಲಕ್ಕಿಳಿದುಹೋದ.

ಅಷ್ಟರಲ್ಲಿ ಮೈಕ್ ಕೂಗಿತು: ಬೆರಕೆ ನಾಯಿಗಳನ್ನು ಬೇರೆ ವರ್ಗದಲ್ಲಿ ನೋಂದಾಯಿಸಲು ಸಭೆ ಒಪ್ಪಿದೆ, ಗಡಹಿಂಗ್ಲಜದ ಬಾಳಗೊಂಡರು ವೇದಿಕೆಗೆ ಬರಬೇಕು. ಮತ್ತೆ ಚಪ್ಪಾಳೆ. ಅವನು ಹೋಗಲಿಲ್ಲ. ಕಾಂಚನ ಎದ್ದು ಸೆರಗು ಕೊಡವಿಕೊಂಡು, ‘ಕರಿಯಾಕತ್ತಾರ, ಹೋಗು,’ ಎಂದಷ್ಟೇ ಹೇಳಿ ಮಗಳನ್ನು ಎತ್ತಿಕೊಂಡು ನಡೆದಳು.

ಮರುವಾರ ಬಾಳಗೊಂಡ ತಾಯಿಯ ಸೀರೆಗಳನ್ನು ಕಟ್ಟಿಕೊಂಡು ಶಿರೋಳಿಗೆ ಹೋದ. ಕಾಂಚನ ಗಂಟು ತೆಗೆದುಕೊಂಡಳು, ಒಳಗೆ ಕರೆಯಲಿಲ್ಲ. ಹಿಂದಿರುಗಿದವನು ನೆಂಟರನ್ನೆಲ್ಲ ಕೂಡಿಸಿ ತಾಯಿಗೆ ಹೇಳಿದ ಸುಳ್ಳನ್ನು ಬಾಯಿಬಿಟ್ಟು ಹೇಳಿದ. ಕೆಲವರು ಅವನ ಮನೆಗೆ ಬರುವುದನ್ನು ಬಿಟ್ಟರು. ಬಿಟ್ಟವರಲ್ಲಿ ಹೆಚ್ಚಿನವರಿಗೆ ಸಿಟ್ಟು ಬಂದದ್ದು ಸುಳ್ಳಿಗಲ್ಲ, ಅವನು ತಂಗಿಯ ಮನೆಗೆ ಹೋದದ್ದಕ್ಕೆ.

ಮುಂದಿನ ಮಳೆಗಾಲದಿಂದ ಪ್ರತಿ ವರ್ಷ ತಾಯಿ ತೀರಿದ ದಿನದಂದು ಕಾಂಚನ ಮಗಳೊಂದಿಗೆ ಗಡಹಿಂಗ್ಲಜಕ್ಕೆ ಬರತೊಡಗಿದಳು. ತಾಯಿ ಮಲಗುತ್ತಿದ್ದ ಕೋಣೆಯಲ್ಲಿ ಒಂದಿಷ್ಟು ಹೊತ್ತು ಕುಳಿತು, ನೀರನ್ನೂ ಮುಟ್ಟದೆ, ಸಂಜೆಯ ಎಸ್‌ಟಿ ಬಸ್ಸು ಹಿಡಿಯುತ್ತಿದ್ದಳು. ಹಾಗೇ ಕೆಲವು ವರ್ಷ ನಡೆಯಿತು. ೧೯೮೪ರಲ್ಲಿ ಬಾಳಗೊಂಡನ ಹೆಂಡತಿ ಎಂದಿನಂತೆ ಚಹಾ ತಂದಿಟ್ಟಾಗ ಕಾಂಚನ ಅದನ್ನು ಬಸಿಗೆ ಸುರಿದು ಕೈಗೆತ್ತಿಕೊಂಡಳು.

ಬಾಳಗೊಂಡ ಎದುರಿಗೇ ಕುಳಿತಿದ್ದ. ಅವಳು ಕುಡಿದು ಮುಗಿಸುವವರೆಗೂ ಅವನು ತಲೆ ಎತ್ತಲಿಲ್ಲ.