ಕಮಾನಿನ ಕಲ್ಲು ತಾನಾಗಿ ಬೀಳಲಿಲ್ಲ

ಸಾವಿತ್ರಿ, ನಮ್ಮ ಶಾಲೆಯ ಕಮಾನಿನ ಕಲ್ಲು ತಾನಾಗಿ ಬೀಳಲಿಲ್ಲ. ನನ್ನ ತಮ್ಮ ಹಾರೆಯಿಂದ ಮೀಟಿ ಬೀಳಿಸಿದ. ನಾನು ಕಣ್ಣಾರೆ ನೋಡಿದೆ. ನೋಡಿಯೂ ಸಭೆಯಲ್ಲಿ ಸುಳ್ಳು ಹೇಳಿದೆ — ನಿನ್ನ ಎದುರಿಗೇ, ನಿನ್ನ ಮುಖ ನೋಡದೆ.

ಇದನ್ನು ಬರೆದ ಮೇಲಾದರೂ ಮನಸ್ಸು ಹಗುರಾದೀತು ಎಂದುಕೊಂಡಿದ್ದೆ. ಇಲ್ಲ. ಕೂತಲ್ಲಿ ಕೂರಲಾಗುತ್ತಿಲ್ಲ, ಎದ್ದರೆ ಎಲ್ಲಿಗೆ ಹೋಗಬೇಕೋ ತಿಳಿಯುತ್ತಿಲ್ಲ.

ತೆಲುಗು ಸೀಮೆಯ ನಡುವಿನ ನಮ್ಮ ಮಕ್ತಲಿನ ಆ ಕನ್ನಡ ಶಾಲೆಯಲ್ಲೇ ನಾವಿಬ್ಬರೂ ಅಕ್ಷರ ಕಲಿತವರು. ನಿಜಾಮರ ಕಾಲದ ಕಲ್ಲಿನ ಕಟ್ಟಡ, ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು. ನೀನು ಮದುವೆಯಾಗಿ ಮಗ್ಗಕ್ಕೆ ಕೂತೆ. ನಾನು ಅಲ್ಲಿಗೇ ಟೀಚರಾಗಿ ಬಂದೆ. ಕೊನೆಯ ಟೀಚರೂ ನಾನೇ ಆದೆ. ಮಕ್ಕಳು ಒಬ್ಬೊಬ್ಬರಾಗಿ ಇಂಗ್ಲಿಷ್ ಮೀಡಿಯಂ ಬಸ್ಸು ಹತ್ತಿದರು. ಉಳಿದ ಕೆಲವರನ್ನು ಬೇರೆ ಶಾಲೆಗೆ ಸೇರಿಸಿ, ಬಾಗಿಲಿಗೆ ನನ್ನ ಕೈಯಿಂದಲೇ ಬೀಗ ಹಾಕಿಸಿದರು.

ಖಾಲಿ ಬಿದ್ದ ಕಟ್ಟಡವನ್ನು ಕೆಡವಿ ಅಂಗಡಿಸಾಲು ಕಟ್ಟಬೇಕೆಂದು ಕೆಲವರು ಓಡಾಡತೊಡಗಿದರು. ಎಲ್ಲರಿಗಿಂತ ಮುಂದೆ ನನ್ನ ತಮ್ಮ. ಆಗ ನೀನು ಎದ್ದು ನಿಂತೆ. ಬಾಡಿಗೆ ಮನೆಗಳಲ್ಲಿ ಮಗ್ಗ ಹೂಡಲು ಜಾಗವಿಲ್ಲದ ಹೆಂಗಸರನ್ನು ಕೂಡಿಸಿಕೊಂಡು ಓಣಿ ಓಣಿ ತಿರುಗಿದೆ. ಉದ್ದನೆಯ ಪಡಸಾಲೆಯಲ್ಲಿ ಎಲ್ಲರ ಮಗ್ಗ, ಮೂಲೆಯ ಕೋಣೆಯಲ್ಲಿ ಸಂಜೆ ಮಕ್ಕಳಿಗೆ ಕನ್ನಡ ಪಾಠ — ಇದು ನಿನ್ನ ಆಸೆ. ನನ್ನ ಹತ್ತಿರವೂ ಬಂದೆ.

"ಪಾಠ ನೀನಾ ಹೇಳಬೇಕ ನೋಡು ಸುಶೀಲಾ. ನಮ್ಮ ಹುಡುಗ್ರಿಗೆ ಕನ್ನಡ ಕಲಸಾಕ ನಿನ್ನ ಬಿಟ್ರ ಯಾರದಾರ?"

ನಾನು ಹೂಂ ಎಂದೆ.

ಅದಾಗಿ ಕೆಲವು ದಿನಕ್ಕೆ, ಬೆಳಿಗ್ಗೆ ಗುಡಿಗೆ ಹೊರಟವಳಿಗೆ ಶಾಲೆಯ ಒಳಗಿನಿಂದ ಕಲ್ಲಿಗೆ ಕಬ್ಬಿಣ ತಾಗುವ ಸದ್ದು ಕೇಳಿತು. ಇಣುಕಿದೆ. ತಮ್ಮ ಏಣಿಯ ಮೇಲಿದ್ದ. ನನ್ನನ್ನು ಕಂಡು ಗಾಬರಿಯೇನೂ ಆಗಲಿಲ್ಲ.

"ನೀ ಏನೂ ನೋಡಿಲ್ಲಕ್ಕಾ. ನಡಿ ಮನಿಗೆ."

ನಡೆದೆ. ಮಧ್ಯಾಹ್ನದೊಳಗೆ ಊರೆಲ್ಲ ಸುದ್ದಿ — ಶಾಲೆಯ ಕಮಾನಿನ ಕಲ್ಲು ಬಿದ್ದಿದೆ, ಸದ್ಯ ಕೆಳಗೆ ಯಾರೂ ಇರಲಿಲ್ಲ ಎಂದು.

ಕಟ್ಟಡ ಕೆಡವಬೇಕೋ ಉಳಿಸಬೇಕೋ ಎಂಬ ತೀರ್ಮಾನದ ಸಭೆ ಆ ಶಾಲೆಯ ಅಂಗಳದಲ್ಲೇ ಸೇರಿತು. ಸರ್ಕಾರದ ಕಡೆಯಿಂದ ಬಂದಿದ್ದ ಸಾಹೇಬರು ಎರಡೂ ಕಡೆಯವರ ಗದ್ದಲ ಕೇಳಿ ಕೇಳಿ ಬೇಸತ್ತು ನನ್ನ ಕಡೆ ತಿರುಗಿದರು: "ಮೇಡಂ, ಮೀರೇ ಚೆಪ್ಪಂಡಿ, ನೀವೇ ಹೇಳ್ರಿ. ಇಷ್ಟು ವರ್ಷ ಒಳಗ ಇದ್ದವರು ನೀವು. ಬಿಲ್ಡಿಂಗ್ ಹೆಂಗೈತ್ರಿ?"

ನೀನು ನಕ್ಕೆ, ಸಾವಿತ್ರಿ. ಕಟ್ಟಡ ಗಟ್ಟಿಯಿದೆ ಎಂದೇ ನಾನು ಹೇಳುತ್ತೇನೆಂದು ನಿನಗೆ ಅಷ್ಟು ನಂಬಿಕೆ.

"ನನಗ ಮೊದಲಿಂದನೂ ಅಂಜಿಕಿ ಇತ್ರೀ," ಎಂದೆ. "ಆ ಕಮಾನಿನ ಕೆಳಗ ಮಕ್ಕಳನ್ನ ನಿಂದರಸ್ತಿದ್ದಿಲ್ರೀ."

ದಿನಾ ಪ್ರಾರ್ಥನೆಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಿದ್ದದ್ದು ಅದರ ಕೆಳಗೇ. ನಿನ್ನ ಮಗನೂ ಅಲ್ಲೇ ನಿಂತವನು. ನೀನು "ಸುಶೀಲಾ..." ಎಂದೆ, ಅಷ್ಟೇ. ಅಷ್ಟರಲ್ಲಿ ನಿನ್ನ ಪಕ್ಕದಲ್ಲಿದ್ದವಳೇ, "ನಾಳೆ ನಮ್ಮ ಕೂಸಿನ ಮ್ಯಾಲ ಬಿದ್ರ?" ಎಂದು ಎದ್ದಳು. ಅವಳ ಹಿಂದೆ ನಿನ್ನ ಕಡೆಯವರು ಒಬ್ಬೊಬ್ಬರೇ ಎದ್ದರು. ನೀನೊಬ್ಬಳೇ ಕೂತಿದ್ದೆ.

ಕಟ್ಟಡ ಹೋಯಿತು. ನೀನು ಗದ್ವಾಲಕ್ಕೆ ಹೋಗಿ ಪರರ ಮಗ್ಗಕ್ಕೆ ಕೂತೆ.

ಗಂಡ ಸತ್ತ ಮೇಲೆ ತಮ್ಮನ ಮನೆಯಲ್ಲಿರುವವಳು ನಾನು; ಅವನಿಗೆ ಹೆದರಿ ಹೇಳಿದಳು ಎಂದು ಯಾರಾದರೂ ಅಂದಾರು. ಹಾಗೆ ಅಂದುಕೊಂಡೇ ನಾನೂ ಇಷ್ಟು ವರ್ಷ ದೂಡಿದೆ. ಅದಲ್ಲ. ಮೊಟ್ಟಮೊದಲು ಇಂಗ್ಲಿಷ್ ಬಸ್ಸು ಹತ್ತಿದವಳು ನನ್ನ ಮಗಳು. "ಟೀಚರಮ್ಮನಾ ಬಿಡಿಸ್ಯಾಳ, ನಮಗೇನು?" ಎಂದು ಉಳಿದವರೂ ಬಿಡಿಸಿದರು. ಆ ಶಾಲೆ ಮುಚ್ಚಲು ಶುರುವಾದದ್ದು ನನ್ನ ಮನೆಯಿಂದ. ನೀನು ಅದನ್ನು ಮತ್ತೆ ತುಂಬಿಸಿಬಿಟ್ಟರೆ — ಓದಿದ್ದು ಮರೆತ ನೀನು, ನಾನು ಉಳಿಸಲಾಗದ್ದನ್ನು ಉಳಿಸಿಬಿಟ್ಟರೆ — ಆ ಕಟ್ಟಡ ಇರಬಾರದು ಅನ್ನಿಸಿತು ನನಗೆ. ತಮ್ಮನಿಗೆ ಜಾಗ ಬೇಕಿತ್ತು. ನನಗೆ ಅದು ಕಣ್ಣೆದುರಿನಿಂದ ಹೋಗಬೇಕಿತ್ತು.

ಈಗ ದಾಮರಗಿದ್ದದಲ್ಲಿಯೂ ಒಂದು ಹಳೆಯ ಶಾಲೆಯ ಮಾತು ನಡೆದಿದೆ. ಕೆಡವಬೇಕೆನ್ನುವವರು ಮನೆಗೆ ಬಂದಿದ್ದರು. "ಮಕ್ತಲಿನ್ಯಾಗ ಹೇಳಿದಂಗ ಇಲ್ಲೂ ಒಂದು ಮಾತು ಹೇಳ್ರಿ ಸಾಕು," ಎಂದರು. ಬರುತ್ತೇನೆ ಎಂದಿದ್ದೇನೆ. ಹೋಗಿ, ಮಕ್ತಲಿನಲ್ಲಿ ಹೇಳಿದ್ದು ಸುಳ್ಳು ಎಂದು ಹೇಳುವವಳಿದ್ದೇನೆ, ತಮ್ಮನ ಹೆಸರು ಸಹಿತ. ನಿನ್ನೆ ಅವನಿಗೆ ತಿಳಿಸಿದೆ. ತಾಟು ಸರಿಸಿ ಎದ್ದುಹೋದ.

ಆದರೆ ಮೊದಲು ನಿನಗೆ. ಹೋದ ತಿಂಗಳು ಗದ್ವಾಲಕ್ಕೆ ಬಂದಾಗಲೇ ಹೇಳಬೇಕಿತ್ತು. ನೀನು ಚಹಾ ಕೊಟ್ಟೆ, ಮೊಣಕಾಲು ನೋವು ಹೇಗಿದೆ ಎಂದು ಕೇಳಿದೆ, ನಾನು ಕುಡಿದು ಎದ್ದು ಬಂದೆ. ನಾಳೆ ಈ ಕಾಗದ ಹಿಡಿದು ಮತ್ತೆ ಬರುತ್ತೇನೆ. ನೀನು ಬಾಗಿಲು ಹಾಕಿಕೊಂಡರೆ, ಓಣಿಯಲ್ಲಿ ನಿಂತು, ನಿನಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳುತ್ತೇನೆ.