ನಮ್ಮೂರಿಗೆ ಹನಿಯೂ ಬೀಳದ ದಿನ

ಹಸಿಮಣ್ಣಿನ ವಾಸನೆ ಗಾಳಿಯಲ್ಲಿ ಬಂದರೆ ಎಲ್ಲರೂ ಮೂಗರಳಿಸಿ ಹಿಗ್ಗುತ್ತಾರೆ. ನಾನು ಎದ್ದು ಕಿಟಕಿ ಮುಚ್ಚುತ್ತೇನೆ. ಅಜ್ಜಿಗೇನೋ ಅರಳುಮರಳು ಎಂದು ಮೊಮ್ಮಕ್ಕಳು ನಗುತ್ತಾರೆ, ನಗಲಿ. ಆ ವಾಸನೆಯೊಂದಿಗೆ ಪಾಂಡವಪುರ ಸೀಮೆಯ ನಮ್ಮೂರು, ನಾಡಹಂಚಿನ ಮನೆ, ಸೆರಗು ಸೊಂಟಕ್ಕೆ ಸಿಕ್ಕಿಸಿ ಜಗುಲಿಯ ತುದಿಯಲ್ಲಿ ಆಕಾಶ ನೋಡುತ್ತಾ ನಿಂತ ನಿಂಗಮ್ಮತ್ತೆ, ಅವರ ಬಾಯಿಂದ ಮಾತು ಬೀಳುವುದನ್ನೇ ಕಾಯುವ ಜಯಮ್ಮ ಚಿಕ್ಕವ್ವ, ಎಲ್ಲರೂ ಒಳಗೆ ಬಂದುಬಿಡುತ್ತಾರೆ. ನನಗೆ ಭಯವಾಗುತ್ತದೆ.

ನಿಂಗಮ್ಮತ್ತೆ ಅಪ್ಪನ ಅಕ್ಕ. ಗಂಡ ಸತ್ತ ಮೇಲೆ ತವರಿಗೆ ಬಂದು, ನಮ್ಮ ಮನೆಯನ್ನೂ ಊರಿನ ಆಕಾಶವನ್ನೂ ಒಟ್ಟಿಗೆ ಕೈಗೆ ತೆಗೆದುಕೊಂಡವರು. ನಿಮ್ಮೂರಲ್ಲೂ ಇಂಥವರೊಬ್ಬರು ಇದ್ದಿರಬೇಕು. ಇರುವೆ ಮೊಟ್ಟೆ ಕಚ್ಚಿಕೊಂಡು ಗೋಡೆ ಹತ್ತುವುದು, ಗುಬ್ಬಚ್ಚಿ ಧೂಳಲ್ಲಿ ಹೊರಳುವುದು ಯಾವುದೂ ಅವರ ಕಣ್ಣು ತಪ್ಪುತ್ತಿರಲಿಲ್ಲ. ಹುಣಸೆಹಣ್ಣು ಹರಡುವವರು, ಇಟ್ಟಿಗೆ ಕೊಯ್ಯುವವರು ನಮ್ಮ ಜಗುಲಿಗೆ ಬಂದು ಕೇಳಿಯೇ ಕೆಲಸಕ್ಕೆ ಕೈ ಹಾಕುತ್ತಿದ್ದರು. ಮೇಷ್ಟರ ಮನೆಯ ರೇಡಿಯೊ ಸಂಜೆ ಹೊತ್ತು 'ಅಲ್ಲಲ್ಲಿ ಗುಡುಗು ಸಹಿತ ಮಳೆ' ಎಂದರೆ ಅತ್ತೆಗೆ ಎಲ್ಲಿಲ್ಲದ ನಗು. "ಅಲ್ಲಲ್ಲಿ ಅಂದ್ರೆ ಎಲ್ಲಿ ಮೇಷ್ಟ್ರೇ? ಯಾರಟ್ಟಿ ಮೇಲೆ ಬೀಳ್ತದೆ ಅಂತ ಏಳಾಕಾಗಲ್ವಾ ಅದ್ಕೆ?" ಅತ್ತೆ ಮಾತ್ರ ನಮ್ಮ ಹಟ್ಟಿಗೆ ಬೀಳುತ್ತದೋ ಇಲ್ಲವೋ ಎಂದು ಕಡ್ಡಿ ಮುರಿದಂತೆ ಹೇಳುತ್ತಿದ್ದರು. ಆ ಮಾತು ತಪ್ಪಿದ್ದನ್ನು ನಾನಂತೂ ಕಾಣೆ.

ಭರಣಿ ಮಳೆ ಸುರಿದರೆ ಧರಣಿಯೆಲ್ಲ ಬೆಳೆ ಎಂದು ಊರೇ ಕಾಯುತ್ತಿದ್ದ ಬೇಸಿಗೆ ಅದು. ನನಗೆ ಒಂಬತ್ತು ವರ್ಷ. ಬಾವಿ ತಳ ಕಂಡಿತ್ತು. ಹೆಂಗಸರು ಒಣಗಿದ ಹಳ್ಳದ ಮರಳಲ್ಲಿ ಎದೆಯುದ್ದ ಗುಂಡಿ ತೋಡಿ, ಅದರೊಳಗೆ ಕೂತು, ಒಸರುವ ಒರತೆಯ ನೀರನ್ನು ತೆಂಗಿನ ಚಿಪ್ಪಿನಲ್ಲಿ ಮೊಗೆದು ಬಿಂದಿಗೆ ತುಂಬಬೇಕು. ಅಂದು ಮಧ್ಯಾಹ್ನ ನೆತ್ತಿಯ ಮೇಲೆ ಸುಡುವ ಬಿಸಿಲು. ದೂರದ ಮೇಲುಕೋಟೆ ಬೆಟ್ಟದ ತಲೆಯ ಮೇಲೆ ಮಾತ್ರ ಕಾಡಿಗೆ ಮೆತ್ತಿದಂಥ ಮೋಡ. ಇದ್ದಕ್ಕಿದ್ದಂತೆ ಆ ಕಡೆಯಿಂದ ತಣ್ಣನೆ ಗಾಳಿ ಬೀಸಿ ಹಸಿಮಣ್ಣಿನ ವಾಸನೆ ಬಂತು. ಚಿಕ್ಕಪ್ಪನನ್ನು ಮದುವೆಯಾಗಿ ಬಂದು ವರ್ಷವೂ ತುಂಬದ ಚಿಕ್ಕವ್ವ ಬಿಂದಿಗೆ ಹಿಡಿದು ನೀರಿಗೆ ಹೊರಟವಳು ಹೊಸಿಲಲ್ಲೇ ನಿಂತಳು. "ಒಸಿ ತಡ್ದು ಓಗ್ಲಾ ಅಕ್ಕಾ?" ಅತ್ತೆ ಬೆಟ್ಟದ ಕಡೆ ನೋಡಿದರು. "ವಾಸ್ನೆ ಮುಂದಾಗಿ ಬಂದ್ರೆ ಮಳೆ ಅಲ್ಲೇ ಬಿದ್ದು ಮುಗೀತು ಅಂತ. ನಮ್ಗೊಂದು ಹನೀನೂ ಇಲ್ಲ. ಓಗ್ಬಾ." ನಾನೂ ಅವಳ ಹಿಂದೆ ಹೊರಟೆ.

ಹಳ್ಳದಲ್ಲಿ ಒಂದು ಕಾಗೆಯೂ ಕೂಗುತ್ತಿರಲಿಲ್ಲ. ಚಿಕ್ಕವ್ವ ಗುಂಡಿಯಲ್ಲಿ ಕೂತರೆ ಮೇಲೆ ನಿಂತ ನನಗೆ ಅವಳ ನೆತ್ತಿ ಮಾತ್ರ ಕಾಣುತ್ತಿತ್ತು. ಬಿಂದಿಗೆ ಇನ್ನೇನು ತುಂಬಬೇಕು, ಅಷ್ಟರಲ್ಲಿ ಹಳ್ಳದ ಮೇಲ್ಗಡೆಯಿಂದ ಸದ್ದು ಬಂತು, ಕಲ್ಲುದಾರಿಯಲ್ಲಿ ಹತ್ತಾರು ಗಾಡಿ ಒಟ್ಟಿಗೆ ಬರುವಂತೆ. "ಅದೇನು ಚಿಕ್ಕವ್ವ?" ಎಂದೆ. ಅವಳು ತಲೆಯೆತ್ತಿ ಬಿಸಿಲು ನೋಡಿದಳು. "ಯಾವ್ದೋ ಗಾಡಿ ಇರ್ಬೇಕು. ಮಳೆ ಇಲ್ಲ ಅಂತ ಅಕ್ಕನೇ ಏಳವ್ರಲ್ಲ" ಎಂದು ಇನ್ನೆರಡು ಚಿಪ್ಪು ಮೊಗೆದಳು. ಆಗ ತಿರುವಿನಲ್ಲಿ ಕೆಂಪು ನೀರು ಕಾಣಿಸಿತು, ಮುಂದೆ ನೊರೆ, ತರಗೆಲೆ, ಬುಡ ಕಿತ್ತ ಲಕ್ಕಿಗಿಡ. ನಾನು ಕೂಗಿದೆ. ಅವಳು ಎದ್ದವಳು ಮೊದಲು ಬಿಂದಿಗೆಯನ್ನು ಎತ್ತಿ ನನಗೆ ಕೊಟ್ಟಳು. ನೀರನ್ನು ಜೀವದಂತೆ ಕಾಪಾಡುತ್ತಿದ್ದ ಕಾಲ, ನಾನೂ ಎರಡು ಕೈಯಲ್ಲಿ ತಬ್ಬಿ ಹಿಡಿದು ದಡ ಹತ್ತಿದೆ. ತಿರುಗಿ ನೋಡಿದರೆ ಗುಂಡಿಯೂ ಇರಲಿಲ್ಲ, ಚಿಕ್ಕವ್ವನೂ ಇರಲಿಲ್ಲ.

ಮಾರನೆಯ ದಿನ ಅವಳು ಹಳ್ಳ ಲೋಕಪಾವನಿ ಹೊಳೆಯನ್ನು ಸೇರುವ ಕಡೆ ಜಾಲಿಪೊದೆಯಲ್ಲಿ ಸಿಕ್ಕಳು. ಊರಿಗೆ ಒಂದು ಹನಿಯೂ ಬೀಳಲಿಲ್ಲ. ಅಂಗಳದ ಹುಣಸೆಹಣ್ಣು ಒಣಗುತ್ತಲೇ ಇತ್ತು. ಅತ್ತೆ ಹೇಳಿದ್ದು ಅಕ್ಷರಶಃ ನಿಜವಾಗಿತ್ತು, ಅದೇ ಅತ್ತೆಯನ್ನು ಒಳಗೊಳಗೇ ಕೊಂದಿತು. ತಮ್ಮ ಆಕಾಶ ನೋಡಿದ್ದರೇ ಹೊರತು ಬೆಟ್ಟದ ನೀರಿಗೆ ದಾರಿ ನಮ್ಮ ಹಳ್ಳವೇ ಎಂಬುದು ಹೊಳೆದಿರಲಿಲ್ಲ. ಆಮೇಲೆ ಯಾರು ಮಳೆಯ ಮಾತು ಕೇಳಿದರೂ "ನಂಗೊತ್ತಿಲ್ಲ ಕಣವ್ವ" ಎಂದು ಒಳಗೆ ಹೋಗಿಬಿಡುತ್ತಿದ್ದರು.

ಮನೆಯಲ್ಲಿ ಯಾರೂ ಇಲ್ಲದಾಗ ಮಾತ್ರ ನನ್ನನ್ನು ಹತ್ತಿರ ಕೂರಿಸಿಕೊಂಡು ಕೇಳುತ್ತಿದ್ದರು: "ಅವ್ಳು ಅಲ್ಲಿ ಏನಾರ ಅಂದ್ಲಾ ಮಗ?" "ಏನೂ ಅನ್ನಲಿಲ್ಲ ಕಣತ್ತೆ. ಅವ್ಳಿಗೆ ಸದ್ದೇ ಕೇಳುಸ್ಲಿಲ್ಲ" ಎನ್ನುತ್ತಿದ್ದೆ. ಸಾಯುವ ಬೇಸಿಗೆಯಲ್ಲೂ ಕೇಳಿದರು, ಅದನ್ನೇ ಹೇಳಿದೆ. ಪ್ರತಿ ಸಲವೂ ಅವರು ನನ್ನ ಎರಡೂ ಅಂಗೈಗಳನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡು, "ನೀನು ಬಿಂದ್ಗೆ ಬಿಟ್ಟು ಕೈ ಚಾಚಿದ್ರೂ ಅವ್ಳು ಉಳೀತಿರ್ಲಿಲ್ಲ ಕಣವ್ವ, ನೀನು ಕೂಸು" ಎನ್ನುತ್ತಿದ್ದರು. ಅದೂ ನಿಜವೋ ಸುಳ್ಳೋ, ನಾನು ಕೇಳಲಿಲ್ಲ. ಈಗ ಆ ಮನೆ ಬಿದ್ದು ಜಾಗದಲ್ಲಿ ಕಬ್ಬು ಬೆಳೆದಿದೆ. ಅತ್ತೆ ಹೋಗಿ ಎಷ್ಟೋ ಕಾಲವಾಯಿತು. ನನಗೆ ಆ ಮಾತು ಹೇಳುವವರು ಯಾರೂ ಉಳಿದಿಲ್ಲ.