ಅಜ್ಜಿ ಹಾಡದ ಮದುವೆ

ಐವತ್ತರ ದಶಕ. ಮುಂಬಯಿಯ ಮಾಟುಂಗದ ನಮ್ಮ ಮನೆಯಲ್ಲಿ ಅಕ್ಕನ ಮದುವೆಗೆ ಅರಿಷಿಣ ಕುಟ್ಟುತ್ತ ಕೂತಿದ್ದ ಅಜ್ಜಿ ಸೋಬಾನ ಪದ ಎತ್ತಿದಳು. ಅಪ್ಪ ತಡೆದರು. ಗಂಡಿನ ಕಡೆಯವರು ಓದಿದವರು, ಎಲ್ಲವೂ ಪದ್ಧತಿಯಂತೆ ಆಗಬೇಕೆಂದು ಅಪ್ಪ ತಮ್ಮ ಆಫೀಸಿನ ಕಪಾಟಿನಿಂದ ಒಂದು ದಪ್ಪ ಪುಸ್ತಕ ತಂದಿದ್ದರು. ನಮ್ಮ ಸೀಮೆಯ ಜನರ ಬಗ್ಗೆ ಇಂಗ್ಲಿಷ್ ಸಾಹೇಬನೊಬ್ಬ ಬರೆದದ್ದು. ನಮ್ಮ ಜಾತಿಯ ಹೆಂಗಸರು ಮದುವೆಯಲ್ಲಿ ಹಾಡುವುದಿಲ್ಲ ಎಂದು ಅದರಲ್ಲಿತ್ತು.

ಅಜ್ಜಿ ನಕ್ಕಳು. “ಆ ಸಾಹೇಬ ಧಾರವಾಡದಾಗ ನಮ್ಮನೀಗೇ ಬಂದಿದ್ನಪಾ. ನಾ ಆವಾಗ ಸಣ್ಣ ಸೊಸಿ. ಹೆಣ್ಮಕ್ಕಳ ಕಡಿಂದ ಮದುವಿ ಹಾಡು ಹೇಳಸ್ರಿ ಅಂದ. ಪರಗಂಡಸಿನ ಮುಂದ ಹೆಂಗ ಹಾಡಸೋದು? ನಮ್ಮಲ್ಲಿ ಹಾಡೋ ಪದ್ಧತೀನ ಇಲ್ಲ ಅಂತ ಹೇಳಿ ನಮ್ಮ ಮಾವನೋರು ಅವನ್ನ ಸಾಗಹಾಕಿದ್ರು.”

“ಅಂಥಾ ಪುಸ್ತಕದಾಗ ಸುಳ್ಳು ಬರೀತಾರೇನವ್ವಾ?” ಎಂದರು ಅಪ್ಪ.

ಮದುವೆಯಲ್ಲಿ ಅಜ್ಜಿ ಬಾಯಿ ಬಿಡಲಿಲ್ಲ. ಅಪ್ಪನ ಮೇಲಿನ ನನ್ನ ಸಿಟ್ಟು ಬಹಳ ವರ್ಷ ಆರಲಿಲ್ಲ. ಆದರೆ ಅಜ್ಜಿ ಇದ್ದಾಗ ಅವಳ ಹತ್ತಿರ ಕೂತು ಒಂದು ಪದವನ್ನೂ ನಾನು ಕಲಿಯಲಿಲ್ಲ. ಮುಂದೆ ನನ್ನ ಮಗಳ ಮದುವೆಯಲ್ಲಿ ಬೀಗಿತ್ತಿ, “ನಿಮ್ಮ ಕಡೆಯವರು ಒಂದು ಹಾಡು ಹೇಳ್ರಿ” ಎಂದಾಗ ನಾವು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದೆವು.

“ನಮ್ಮಲ್ಲಿ ಹಾಡೋ ಪದ್ಧತೀನ ಇಲ್ರಿ” ಎಂದೆ. ಈ ಸಲ ಅದು ಸುಳ್ಳಾಗಿರಲಿಲ್ಲ.